ವರ್ಷ ಹಿಂದಿಟ್ಟ ಕಂಪ್ಯೂಟರ್

ಮೇ 3, 2025. ಶನಿವಾರ

ಮತ್ತೆ ಅದೇ ಕೆಂಪು ಗುರುತು. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್.’ ಕರೆಂಟ್ ಬಿಲ್ ಕಟ್ಟಲು ಕೂತಿದ್ದೆ. ಯಾವ ಸೈಟೂ ತೆರೆಯಲಿಲ್ಲ. ಇವರು ಚಪ್ಪಲಿ ಹಾಕಿಕೊಳ್ಳುತ್ತಾ, ‘ಸಾನಿಯಾನ ಕೇಳು, ಅವಳು ಓದಿದೋಳು’ ಅಂದರು.

ನಾನೇನು ಕತ್ತೆ ಕಾಯುತ್ತಿದ್ದೆನಾ? ಈ ಮನೆಯ ರೇಷನ್ ಕಾರ್ಡು, ಅಂಗಡಿ ಲೈಸೆನ್ಸು, ಮಾವನ ಆಸ್ಪತ್ರೆ ಕಾಗದ — ಎಲ್ಲಾ ನಾನೇ ಮಾಡಿದ್ದು. ಅವಳು ಮೈದುನ ಅಕ್ರಮ್‌ನ ಹೆಂಡತಿಯಾಗಿ ರಾಂಪುರದಿಂದ ಬಂದು ಎಂಟು ತಿಂಗಳು. ಬಿ.ಎಡ್. ಅಂತೆ. ಅತ್ತೆಗಂತೂ ಅವಳು ನೀರು ಕಾಯಿಸಿದರೂ ರುಚಿ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ... ನೋಡೋಣ.

ಮೇ 6. ಮಂಗಳವಾರ

ಸಾನಿಯಾ ಒಂದು ಗಂಟೆ ಕೂತಳು. ವೈರ್ ಕಿತ್ತು ಹಾಕಿದಳು. ಆಫ್ ಮಾಡಿ ಆನ್ ಮಾಡಿದಳು. ಊಹೂಂ. ‘ಫೋನಾದ್ರೆ ಗೊತ್ತು ಆಪಾ, ಇದು ನಂಗೆ ಬರಲ್ಲ.’ ಆಹಾ! ಸಕ್ಕರೆ ತಿಂದಷ್ಟು ಖುಷಿ.

ರಿಪೇರಿ ಅಂಗಡಿಯ ವೀರೇಶನಿಗೆ ಗುಟ್ಟಾಗಿ ಫೋನ್ ಮಾಡಿದೆ. ‘ಒಳಗಿನ ಶೆಲ್ ಹೋಗೈತೆ ಅಕ್ಕ. ಸ್ವಿಚ್ ಆರಿಸಿದ್ರೆ ತಾರೀಖು ಹಿಂದಕ್ಕೆ ಹೋಗ್ತೈತೆ. ತಾರೀಖು ತಪ್ಪಿದ್ರೆ ಸೈಟಿನ ಸರ್ಟಿಫಿಕೇಟ್ ನಂಬಲ್ಲ ಅದು, ಅದ್ಕೇ ಆ ಕೆಂಪು ಗುರುತು.’ ಅಷ್ಟೇನಾ!

ಮೇ 9. ಶುಕ್ರವಾರ

ಅತ್ತೆ, ಸಾನಿಯಾ ಮದುವೆ ಮನೆಗೆ ಹೋದಾಗ ವೀರೇಶ ಬಂದು ಶೆಲ್ ಹಾಕಿ ಹೋದ. ಮಾವ ಇದ್ದರು, ಅವರಿಗೆ ಇದೆಲ್ಲ ತಿಳಿಯದು. ಕಂಪ್ಯೂಟರ್ ಸರಿಯಾಯಿತು. ಯಾರಿಗೂ ಹೇಳಲಿಲ್ಲ.

ನನ್ನ ಕೆಲಸ ಮುಗಿದ ಮೇಲೆ ವರ್ಷ ಒಂದು ಹಿಂದಿಟ್ಟು ಏಳುತ್ತೇನೆ. ಮೂಲೆಯಲ್ಲಿ ಟೈಮ್ ಮಾತ್ರ ಕಾಣುತ್ತದೆ, ವರ್ಷ ಕಾಣುವುದಿಲ್ಲ. ಬೇರೆ ಯಾರು ಕೂತರೂ ಕೆಂಪು ಗುರುತು. ನಾನು ಕೂತು ವರ್ಷ ಸರಿಮಾಡಿಕೊಂಡರೆ ತೆರೆಯುತ್ತದೆ. ಸಂಜೆ ಸಾನಿಯಾ ಕೂತು ಸೋತ ಮೇಲೆ ನಾನು ತೆರೆದು ತೋರಿಸಿದೆ. ಅತ್ತೆ, ‘ಈ ಡಬ್ಬಾ ಮೆಹಜಬೀನ್ ಮಾತು ಮಾತ್ರ ಕೇಳ್ತೈತೆ’ ಅಂದರು. ಎಷ್ಟು ತಿಂಗಳಾಗಿತ್ತು ಅವರ ಬಾಯಲ್ಲಿ ನನ್ನ ಹೆಸರು ಬಂದು.

ಮೇ 14. ಬುಧವಾರ

ಸಾನಿಯಾ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬೇಕಂತೆ. ಯಾವುದೋ ಖಾಸಗಿ ಶಾಲೆ. ಶುಕ್ರವಾರ ಸಂಜೆ ಐದಕ್ಕೆ ಕೊನೆ. ಫೋನಿನಲ್ಲಿ ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಆಗುತ್ತಿಲ್ಲ.

‘ಸೈಬರಿಗೆ ಹೋಗ್ಲಾ ಆಪಾ?’

‘ಯಾಕೆ, ನಾನಿಲ್ವಾ? ಮಾಡಿಕೊಡ್ತೀನಿ ಬಿಡು.’

ಸಂಬಳವೂ ಬಂದರೆ ಇವಳನ್ನು ಹಿಡಿಯುವವರುಂಟಾ? ಇವಳು ಬ್ಯಾಗ್ ನೇತುಹಾಕಿಕೊಂಡು ಹೋಗುವುದು, ನಾನು ಪಾತ್ರೆ ತಿಕ್ಕುವುದು. ಹೊಟ್ಟೆ ಉರಿಯುತ್ತದೆ. ಹೌದು, ಉರಿಯುತ್ತದೆ. ಇಲ್ಲಾದರೂ ನಿಜ ಬರೆಯುತ್ತೇನೆ.

ಮೇ 16. ಶುಕ್ರವಾರ, ಸಂಜೆ 5.20

ಮುಗಿಯಿತು. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೂರು ಸಲ ಸೈಟ್ ತೆರೆದೆ. ಮೂರು ಸಲವೂ ಕೆಂಪು. ಹಿಂದಿಟ್ಟ ವರ್ಷ ಮುಟ್ಟಲೇ ಇಲ್ಲ ನಾನು. ನಾಲ್ಕೂವರೆಗೆ ಬುರ್ಖಾ ಹಾಕಿಕೊಂಡು ಸೈಬರಿಗೆ ಓಡಿದಳು. ಅಲ್ಲಿ ಉದ್ದದ ಕ್ಯೂ ಅಂತೆ.

ವಾಪಸ್ ಬಂದು, ‘ಇರ್ಲಿ ಬಿಡಿ ಆಪಾ, ನೀವು ಪಾಪ ಎಷ್ಟು ಕಷ್ಟಪಟ್ರಿ’ ಅಂದಳು. ಬೈಯಬಾರದಿತ್ತಾ?

ಮೇ 19. ಸೋಮವಾರ

ಎರಡು ದಿನ ಬರೆಯಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ರೊಟ್ಟಿ ತಟ್ಟುವಾಗ ಅವಳೇ ಹೇಳಿದಳು. ಶಾಲೆ ಇಲ್ಲಿ ಚಳ್ಳಕೆರೆಯಲ್ಲಲ್ಲ, ಮೊಳಕಾಲ್ಮೂರಿನಲ್ಲಿ. ಕೆಲಸ ಸಿಕ್ಕರೆ ಅಕ್ರಮ್ ಅಲ್ಲೇ ಗ್ಯಾರೇಜ್ ಹಾಕುವವನಿದ್ದ. ಬಾಡಿಗೆ ಮನೆಯೂ ನೋಡಿದ್ದರು. ಜೂನಿಗೇ ಹೊರಡುವುದು.

‘ನೀವು ಒಬ್ಬರೇ ಆಗ್ತೀರಿ, ಬೇಜಾರು ಮಾಡ್ಕೊಂತೀರಿ ಅಂತ ಹೇಳಿರ್ಲಿಲ್ಲ ಆಪಾ.’

ಹೋಗುತ್ತಿದ್ದಳು. ಅಲ್ಲಾ, ತಾನಾಗಿಯೇ ಹೋಗುತ್ತಿದ್ದಳು! ಕೈಯಾರೆ ಹಿಡಿದು ಕೂರಿಸಿಕೊಂಡವಳು ನಾನು.

ಅತ್ತೆಗೆ ಹಿಗ್ಗೋ ಹಿಗ್ಗು. ‘ಒಳ್ಳೇದೇ ಆಯ್ತು, ಇಲ್ಲೇ ಇರ್ತಾರೆ. ಮೆಹಜಬೀನ್, ಆ ಡಬ್ಬಾ ನಡೆಸೋದು ಇವ್ಳಿಗೂ ಕಲಿಸು.’ ನಾಳೆ ಕಲಿಸುತ್ತೇನೆ ಅಂದೆ. ಅಷ್ಟರೊಳಗೆ ವರ್ಷ ಸರಿಮಾಡಿಡೋಣ ಅಂತ ರೂಮಿಗೆ ಹೋದರೆ ಅವಳು ಆಗಲೇ ಅಲ್ಲಿ ಕೂತಿದ್ದಾಳೆ. ಮೌಸಿನ ಬಾಣ ಮೂಲೆಯ ಟೈಮ್ ಮೇಲಿದೆ. ಅದರ ಮೇಲೆ ಪೂರ್ತಿ ತಾರೀಖು ತೆರೆದುಕೊಂಡಿದೆ.

‘ಆಪಾ, ಇದು ಹೋದ ವರ್ಷ ತೋರಿಸ್ತಾ ಐತಲ್ಲ... ನಿಮಗೆ...’

ಮಾತು ಮುಗಿಸಲಿಲ್ಲ ಅವಳು. ತಿರುಗಿ ನನ್ನ ಮುಖ ನೋಡಿದಳು. ಗೊತ್ತಾಗಿ ಹೋಯಿತು ಅವಳಿಗೆ.