ಪುಟ್ಟಿಗೆ ಉತ್ತರ ಹೇಳಿಕೊಡಬೇಡಿ

ಅತ್ತೆ,

ನೆಂಟರೆಲ್ಲ ಹೊರಟುಹೋದರು. ನಿಮ್ಮ ಮಗನನ್ನು ಕಳಿಸಿಕೊಟ್ಟ ಮೇಲೆ ಇದೇ ಮೊದಲ ಮಾಮೂಲು ಬೆಳಿಗ್ಗೆ. ನಾನು ಮುಂಚೆಯೇ ಶಾಲೆಗೆ ಹೋಗಿರುತ್ತೇನೆ, ಹತ್ತಕ್ಕೆ ಪುಟ್ಟಿಯನ್ನು ಕರೆತನ್ನಿ. ಅವಳಿಗೆ ವಿಶೇಷ ಟೀಚರ್ ಬೇಕೇ ಎಂದು ಇವತ್ತು ಮತ್ತೆ ಪರೀಕ್ಷಿಸುತ್ತಾರೆ.

ನೀವು ಮಾತ್ರ ದಯವಿಟ್ಟು ಹೊರಗಿನ ಬೆಂಚು ಬಿಟ್ಟು ಏಳಬೇಡಿ. ಹೋದ ವರ್ಷ ನೀವು ಬೆನ್ನ ಹಿಂದೆ ಕೂತು ಪಿಸುಗುಟ್ಟಿದ್ದಕ್ಕೆ ಪೂರ್ತಿ ಅಂಕ ಬಂತು, ವಿಶೇಷ ಟೀಚರ್ ಸಿಗುವುದು ತಪ್ಪಿಹೋಯಿತು. "ನನ್ನ ಮೊಮ್ಮಗಳಿಗೇನು ಕಮ್ಮಿಯಾಗಿದೆ!" ಅಂತ ನೀವು ಬೀಗಿದಿರಿ, ಪಾಪ, ತರಗತಿಯಲ್ಲಿ ತಬ್ಬಿಬ್ಬಾದವಳು ಅವಳು.

ನಿಮ್ಮ ಮಗನೇನು ಸಾಮಾನ್ಯರೇ? ಪರೀಕ್ಷೆಯ ಮರದ ತುಂಡುಗಳನ್ನೇ ಶಾಲೆಯಿಂದ ಕೇಳಿ ತಂದು, ಈ ಸಲಕ್ಕೆಂದು ಮನೆಯಲ್ಲೇ ಜೋಡಿಸಿ ಕಲಿಸುತ್ತಿದ್ದರು. ಅವನ್ನು ಹಿಂದಿರುಗಿಸಿ, ನಡೆದದ್ದನ್ನೂ ಹೇಳಿಬಿಡುತ್ತೇನೆ. ಅವಳಿಗೆ ಬಾರದ್ದು ಪರೀಕ್ಷಿಸುವವರಿಗೆ ಕಾಣಲಿ.

ಒಂದು ತುಂಡು, ನಿಮ್ಮ ಮಗ ತೀರಿಕೊಂಡ ದಿನ ತೊಟ್ಟಿದ್ದ ಅಂಗಿಯ ಜೇಬಿನಲ್ಲಿತ್ತು. ಅದನ್ನೂ ಕೊಡುತ್ತೇನೆ.