ಮಡು ಖಾಲಿ ಎಂದು ಬರೆದವಳು

ಕಂಪ್ಲಿ, ಕ್ರಿ.ಶ. ೨೧೯೪, ಎರಡನೆಯ ಬತ್ತುತಿಂಗಳ ಹನ್ನೊಂದನೆಯ ದಿನ

ಹಿಂದಿನ ಕಾಲದಲ್ಲಿ ನೀರುನಾಯಿಗಳ ಅನಿಮೇಷನ್ ಸಿನಿಮಾ ಮಾಡಿದ ಹಿರಿಯರಿಗೆ ಪಂಪಾವತಿಯ ನಮಸ್ಕಾರ.

ಈ ತಾರೀಖು ನಿಮಗೆ ಕೈತಪ್ಪಿ ಬರೆದಂತೆ ಕಾಣಬಹುದು, ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು. ಕ್ಷಮಿಸಿ. ತುಂಗಭದ್ರೆ ಹರಿಯದ ನಾಲ್ಕು ತಿಂಗಳನ್ನು ನಾವು ಬತ್ತುತಿಂಗಳು ಎನ್ನುತ್ತೇವೆ. ಆಗ ಮನೆಗೆ ದಿನಕ್ಕೆರಡು ಕೊಡ ನೀರು. ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸುತ್ತೇವೆ. ನೀರು ಹಂಚುವ ಐದು ಜನರ ಕೂಟಕ್ಕೆ ನೀರೈವರು ಎಂದು ಹೆಸರು. ಮೂವತ್ತೊಂದನೆಯ ವಯಸ್ಸಿನಲ್ಲಿ ನಾನೂ ಅವರಲ್ಲೊಬ್ಬಳಾಗಿದ್ದೆ.

ಆ ವರ್ಷ ಹೊಳೆಯಲ್ಲಿ ನೀರು ಉಳಿದಿದ್ದ ಆಳವಾದ ಮಡು ಒಂದೇ. ಅದರ ದಂಡೆಯ ಪೊಟರೆಯಲ್ಲಿ ಒಂದು ತಾಯಿ ನೀರುನಾಯಿ, ಎರಡು ಮರಿ. ಮಡು ಕಾಯುತ್ತಿದ್ದ ಮರಿಸ್ವಾಮಿ ಕೂಟಕ್ಕೆ ಬಂದು ಕೈಮುಗಿದ. "ಹನ್ನೆರಡು ದಿನ ತಡೀರಿ ಅಕ್ಕಾ. ಮರಿಗೆ ಇನ್ನಾ ಈಜಾಕ ಬರಂಗಿಲ್ಲ." ಇಬ್ಬರು ತಡೆಯೋಣ ಎಂದರು, ಇಬ್ಬರು ಬೇಡ ಎಂದರು. ಭತ್ತದ ಸಸಿಮಡಿಗಳು ಒಣಗುತ್ತಿದ್ದವು. ಅವುಗಳಲ್ಲಿ ನನ್ನದೂ ಇತ್ತು. ನಾನು ಪಂಪು ಹಾಕಲು ಕೈ ಎತ್ತಿದೆ. ದಾಖಲೆಯಲ್ಲಿ "ಮಡು ಖಾಲಿ, ಪ್ರಾಣಿಗಳಿಲ್ಲ" ಎಂದು ಬರೆದದ್ದೂ ನಾನೇ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪಂಪು ಮಡುವನ್ನು ಬರಿದು ಮಾಡಿತ್ತು. ತಾಯಿ ಒಂದು ಮರಿಯ ಕತ್ತು ಕಚ್ಚಿಕೊಂಡು ಕಾದ ಮರಳಿನ ಮೇಲೆ ನಡೆದು ಹೋಯಿತು. ಇನ್ನೊಂದಕ್ಕಾಗಿ ಮರಳಿ ಬರಲಿಲ್ಲ. ಒಂಬತ್ತನೆಯ ದಿನ ಹೊಳೆಗೆ ನೀರು ಬಂತು. ನೀರುನಾಯಿಯನ್ನು ಆಮೇಲೆ ಇಲ್ಲಿ ಯಾರೂ ಕಂಡಿಲ್ಲ.

ಹೋದ ತಿಂಗಳು ಹಳೆಯ ಸಂಗ್ರಹದಲ್ಲಿ ನಿಮ್ಮ ಸಿನಿಮಾ ಸಿಕ್ಕಿತು. ಓಣಿಯ ಮಕ್ಕಳಿಗೆಲ್ಲ ತೋರಿಸಿದೆವು. ಕೊನೆಗೆ ಹೊಳೆ ತುಂಬಿ ನೀರುನಾಯಿಗಳು ಮನೆಗೆ ಮರಳಿದಾಗ ಮಕ್ಕಳು ಕುಣಿದಾಡಿದರು. ಏಳು ವರ್ಷದ ಮೊಮ್ಮಗಳು ಹುಲಿಗೆಮ್ಮ ನನ್ನ ಸೆರಗು ಜಗ್ಗಿದಳು.

"ಅಜ್ಜೀ, ಇವು ಈಗ ಎಲ್ಲದಾವ?"

"ಹೊಳಿ ಮ್ಯಾಲಕ್ಕ ಹೋಗ್ಯಾವವ್ವ. ಬರ್ತಾವ."

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವಳು ದಿನಾ ತನ್ನ ತಟ್ಟೆಯ ಮೀನಿನ ತುಂಡು ಎತ್ತಿಟ್ಟು ಹೊಳೆದಂಡೆಗೆ ಒಯ್ಯತೊಡಗಿದಳು. ಅದನ್ನು ಬೀದಿನಾಯಿಗಳು ತಿನ್ನುತ್ತಿದ್ದವು. ಐದನೆಯ ದಿನ ನನಗೆ ತಡೆಯಲಾಗಲಿಲ್ಲ. ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ನೀನಾ?" ಎಂದಳು. 

ಹಿರಿಯರೇ, ನಿಮ್ಮ ಸಿನಿಮಾದಲ್ಲಿ ಹೊಳೆ ಬತ್ತಿಸುವವನಿಗೆ ಕೆಂಪು ಕಣ್ಣು, ಕೋರೆಹಲ್ಲು. ಅದಕ್ಕೇ ಮಕ್ಕಳು ನಮ್ಮನ್ನು ಗುರುತಿಸುವುದಿಲ್ಲ, ನಾವೂ ಗುರುತಿಸಿಕೊಳ್ಳುವುದಿಲ್ಲ. ಇನ್ನೊಂದು ಸಿನಿಮಾ ಮಾಡುವುದಾದರೆ ಅಲ್ಲಿ ಅವನ ಬದಲು ನನ್ನನ್ನು ಚಿತ್ರಿಸಿ: ಎಣ್ಣೆ ಹಚ್ಚಿ ಬಾಚಿದ ತಲೆ, ಕನ್ನಡಕ, ಮಗಳಿಗೆ ಜಡೆ ಹಾಕಿ ಬುತ್ತಿ ಕಟ್ಟಿಕೊಟ್ಟು ಸಭೆಗೆ ಹೋಗುವ ಹೆಂಗಸು. ಯಾರಿಗೂ ಕೆಟ್ಟವಳಂತೆ ಕಾಣಬಾರದು.

ಇಂತಿ,
ಪಂಪಾವತಿ