ನೋವಿಲ್ಲದ ಭುಜಕ್ಕೆ ನೀವು ಬರೆದ ಕಾಯಿಲೆ

ನಲವತ್ತು ಹೆಸರುಗಳ ಪಟ್ಟಿಗೆ ಕೊನೆಯ ಸಹಿ ಹಾಕುವ ಮಾನ್ಯರೇ,

ಕಳೆದ ಆಗಸ್ಟ್‌ನಲ್ಲಿ ನಿಮ್ಮ ಬೇಸ್‌ಬಾಲ್ ಕ್ಲಬ್ಬಿನ ಕಚೇರಿ, ಚೆಂಡು ಎಸೆಯುವ ಪಿಚರ್ ಎಡಾರ್ಲಿನ್ ಮೊರೊಂತನ ಆರೋಗ್ಯವಂತ ಬಲಭುಜಕ್ಕೆ ಒಂದು ಕಾಯಿಲೆಯನ್ನು ಬರೆದುಕೊಟ್ಟಿತು. ಬೇರೆ ಕ್ಲಬ್ಬುಗಳ ಕಣ್ಣಿಗೆ ಅವನು ಬೀಳಬಾರದು ಎನ್ನುವುದೊಂದೇ ಅದಕ್ಕೆ ಕಾರಣ. ಇವತ್ತು ಅವನ ಮೊಣಕೈಯ ಲಿಗಮೆಂಟ್ ನಿಜವಾಗಿಯೂ ಹರಿದಿದೆ. ಈಗ ನೀವು ಅದೇ ಸುಳ್ಳು ಕಾಯಿಲೆಯನ್ನು ಮುಂದಿಟ್ಟು, ವೈದ್ಯಕೀಯ ಸೂಚನೆಯನ್ನು ಮೀರಿದ್ದಾನೆಂದು ಅವನನ್ನು ಹೊರಹಾಕಲು ಹೊರಟಿದ್ದೀರಿ. ಜನವರಿ ಮೂವತ್ತೊಂದರ ಒಳಗೆ ನೀವು ಮನಸ್ಸು ಬದಲಿಸದಿದ್ದರೆ ಶಸ್ತ್ರಚಿಕಿತ್ಸೆ ಇಲ್ಲ. ಶಸ್ತ್ರಚಿಕಿತ್ಸೆ ಇಲ್ಲದೆ ಆ ಕೈ ಮತ್ತೆ ಚೆಂಡು ಎಸೆಯಲಾರದು. ಅವನಿಗೆ ಇಪ್ಪತ್ತೆರಡು ವರ್ಷ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಒಂಬತ್ತು ವರ್ಷಗಳಿಂದ ನಿಮ್ಮ ಡೊಮಿನಿಕನ್ ಹುಡುಗರಿಗೆ ಇಂಗ್ಲಿಷ್ ಕಲಿಸುತ್ತೇನೆ. ಚಳಿಗಾಲದಲ್ಲಿ ಇಲ್ಲಿಯ ತರಬೇತಿ ಕೇಂದ್ರದಲ್ಲಿ, ಬೇಸಿಗೆಯಲ್ಲಿ ಅಮೆರಿಕದ ನಿಮ್ಮ ಕೆಳಹಂತದ ತಂಡದ ಜೊತೆ ಬಸ್ಸಿನಲ್ಲಿ. ಹುಡುಗರು ನನ್ನನ್ನು 'ಪ್ರೊಫೆ', ಅಂದರೆ ಟೀಚರ್, ಎಂದು ಕರೆಯುತ್ತಾರೆ. ಕೋಚು ಬೈದರೆ ಬೈಗುಳವನ್ನು, ವೈದ್ಯರು ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನು, ನೀವು ಫೋನಿನಲ್ಲಿ ಮಾತಾಡಿದರೆ ನಿಮ್ಮ ಮಾತನ್ನು ಅವರ ಭಾಷೆಗೆ ದಾಟಿಸುವುದೂ ನನ್ನ ಕೆಲಸವೇ. ಆಗಸ್ಟ್ ಹದಿನಾಲ್ಕರಂದು ಆ ಕಾಯಿಲೆ ಬರೆದ ಕೋಣೆಯಲ್ಲಿ ನಾನಿದ್ದೆ.

ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಿಮ್ಮ ಕೆಲಸ ಸುಲಭದ್ದಲ್ಲ. ಬೇರೆಯವರು ಮುಟ್ಟದಂತೆ ಕ್ಲಬ್ಬು ಕಾಯ್ದುಕೊಳ್ಳುವ ಪಟ್ಟಿಯಲ್ಲಿ ಇರುವುದು ನಲವತ್ತೇ ಜಾಗ. ಹದಿನೇಳನೆಯ ವಯಸ್ಸಿಗೆ ಸಹಿ ಹಾಕಿದ ಹುಡುಗ ಐದು ಋತುಗಳನ್ನು ಮುಗಿಸಿದ ಮೇಲೆ, ನವೆಂಬರಿನಲ್ಲಿ ನೀವು ಅವನನ್ನು ಆ ಪಟ್ಟಿಗೆ ಸೇರಿಸಿಕೊಳ್ಳಬೇಕು. ಇಲ್ಲವೆಂದರೆ ಡಿಸೆಂಬರಿನಲ್ಲಿ ಯಾವ ಕ್ಲಬ್ಬು ಬೇಕಾದರೂ ಅವನನ್ನು ಎತ್ತಿಕೊಂಡು ಹೋಗಿ ತನ್ನ ಮುಖ್ಯ ತಂಡದಲ್ಲಿ ಆಡಿಸಬಹುದು. ಒಂದೇ ಕ್ಲಬ್ಬಿನ ಅಟ್ಟದ ಮೇಲೆ ಹುಡುಗರು ಮುದುಕರಾಗದಿರಲಿ ಎಂದು ಮಾಡಿದ ನಿಯಮ ಇದು. ನಿಮ್ಮ ಕುರ್ಚಿಯಲ್ಲಿ ನಾನಿದ್ದರೂ ಯಾರನ್ನೋ ಬಿಡಲೇಬೇಕಾಗುತ್ತಿತ್ತು. ಬಹುಶಃ ಎಡಾರ್ಲಿನ್‌ನನ್ನೇ ಬಿಡುತ್ತಿದ್ದೆ. ಅವನನ್ನು ಬಿಟ್ಟಿರೆಂದು ನಾನು ದೂರುತ್ತಿಲ್ಲ. ಬಿಟ್ಟ ಮೇಲೆ ಬಿಡಬೇಕಿತ್ತು. ನೀವು ಅವನನ್ನು ಪಟ್ಟಿಗೂ ಸೇರಿಸಲಿಲ್ಲ, ಪರರ ಕಣ್ಣಿಗೂ ಕಾಣಿಸಲಿಲ್ಲ.

ಆ ದಿನ ನಡೆದದ್ದು ಇಷ್ಟು. ಹಿಂದಿನ ವಾರವಷ್ಟೇ ಅವನು ಏಳು ಇನಿಂಗ್ಸ್ ಎಸೆದು ಹನ್ನೊಂದು ಮಂದಿಯನ್ನು ತಾನೊಬ್ಬನೇ ಔಟ್ ಮಾಡಿದ್ದ. ಬೇಲಿಯ ಆಚೆ ಬೇರೆ ಕ್ಲಬ್ಬುಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ವೇಗ ಅಳೆಯುವ ಯಂತ್ರ ಹಿಡಿದು ಕೂರಲು ಶುರು ಮಾಡಿದ್ದರು. ಅವನನ್ನು ಫಿಸಿಯೋ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಫೋನು, ಫೋನಿನಲ್ಲಿ ನಿಮ್ಮ ಕಚೇರಿ. ಫಿಸಿಯೋ ಅವನ ತೋಳನ್ನು ಎತ್ತಿದ, ತಿರುಗಿಸಿದ, ಒತ್ತಿದ.

"ಅವನಿಗೆ ಹೇಳಿ, ಭುಜದಲ್ಲಿ ದಣಿವಿದೆ. ಈ ಋತು ಇಲ್ಲಿಗೆ ಮುಗೀತು" ಎಂದಿತು ಫೋನು.

ನಾನು ಹೇಳಿದೆ. ಎಡಾರ್ಲಿನ್ ನನ್ನ ಮುಖ ನೋಡಿದ. "ನನಗೇನೂ ನೋವಿಲ್ವಲ್ಲ ಪ್ರೊಫೆ. ನಾಳೆನೇ ಎಸೀತೀನಿ ಬೇಕಾದ್ರೆ."

ಅದನ್ನೂ ದಾಟಿಸಿದೆ. ಫೋನು ನಕ್ಕಿತು. "ಗೊತ್ತು. ನೋವು ಬರೋಕೆ ಮುಂಚೇನೇ ವಿಶ್ರಾಂತಿ ಕೊಡೋದು ಒಳ್ಳೇದಲ್ವಾ?"

ವೈದ್ಯಶಾಸ್ತ್ರಕ್ಕೆ ಇದು ನಿಮ್ಮ ಕೊಡುಗೆ, ಮಾನ್ಯರೇ. ಐದನೆಯ ವರ್ಷ ಮುಗಿಸುತ್ತಿರುವ ಹುಡುಗರನ್ನೇ ಹುಡುಕಿಕೊಂಡು ಬರುವ ಕಾಯಿಲೆ. ಆಗಸ್ಟ್‌ನಲ್ಲಿ ಶುರುವಾಗಿ, ಡಿಸೆಂಬರಿನ ಆಯ್ಕೆ ಮುಗಿದ ಮರುದಿನ ವಾಸಿಯಾಗುವ ಕಾಯಿಲೆ. ಈ ಒಂಬತ್ತು ವರ್ಷಗಳಲ್ಲಿ ನಾನು ಕಂಡಂತೆ ನಾಲ್ಕು ಹುಡುಗರಿಗೆ ಇದು ತಗುಲಿದೆ. ಹಿಂದಿನ ಮೂವರ ಬಗ್ಗೆ ನಾನು ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಸಾಂತಿಯಾಗೊದಲ್ಲಿ ಕಾನ್ವೆಂಟ್ ಸಿಸ್ಟರುಗಳ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಶಾಂತವಾಗಿ ಹೇಳಿದ ಮಾತು ಸುಳ್ಳಿರಲಾರದು ಎಂಬ ನಂಬಿಕೆಯನ್ನು ಅಲ್ಲಿ ಯಾರೂ ಪಾಠ ಮಾಡಿ ಕಲಿಸಲಿಲ್ಲ, ಆದರೂ ಕಲಿತುಬಿಟ್ಟಿದ್ದೆ.

ಫಿಸಿಯೋ ಕಾಗದ ಮುಂದಿಟ್ಟ. ಎಡಾರ್ಲಿನ್ ಪೆನ್ನು ಹಿಡಿದು ನನ್ನ ಕಡೆ ತಿರುಗಿದ. ಆಗ ಯಾರೂ ಹೇಳು ಎನ್ನದ ಒಂದು ವಾಕ್ಯವನ್ನು ನಾನೇ ಸೇರಿಸಿದೆ: "ಹಾಕಪ್ಪ ಸಹಿ. ನಿನ್ನ ಒಳ್ಳೇದಕ್ಕೇ ಇರತ್ತೆ." ಅವನು ಹಾಕಿದ. ನಿಮ್ಮ ಮಾತಿಗೆ ಅವನು ಸಹಿ ಹಾಕುತ್ತಿರಲಿಲ್ಲ, ಮಾನ್ಯರೇ. ನನ್ನ ಮಾತಿಗೆ ಹಾಕಿದ.

ಇನ್ನೊಂದನ್ನು ನಿಮಗೆ ತಿಳಿಸಬೇಕು, ಯಾಕೆಂದರೆ ನಿಮ್ಮ ಕಚೇರಿಯ ಲೆಕ್ಕಾಚಾರದಲ್ಲಿ ಇದು ಬಂದಿರಲಾರದು. ಆ ಸಂಜೆ ಬಸ್ಸಿನಲ್ಲಿ ಹುಡುಗರು ಸಂಭ್ರಮಪಟ್ಟರು. ನಮ್ಮವರ ಲೆಕ್ಕವೇ ಹಾಗೆ: ಕ್ಲಬ್ಬು ಯಾರನ್ನಾದರೂ ಮುಚ್ಚಿಡುತ್ತಿದೆ ಎಂದರೆ ಅವನ ಮೇಲೆ ಆಸೆ ಇಟ್ಟಿದೆ ಎಂದರ್ಥ. ಬೇಡದ ವಸ್ತುವನ್ನು ಯಾರು ಬಚ್ಚಿಡುತ್ತಾರೆ?

"ಇವನನ್ನ ಗಾಜಿನ ಕಪಾಟಲ್ಲಿ ಇಡ್ತಾರೆ ಕಣ್ರೋ, ಮುಟ್ಟಬೇಡಿ, ಬೆರಳಚ್ಚು ಬೀಳತ್ತೆ" ಎಂದ ಅವನ ಎಸೆತ ಹಿಡಿಯುವ ಕ್ಯಾಚರ್.

"ಮುಖ್ಯ ತಂಡಕ್ಕೆ ಹೋದ್ಮೇಲೆ ನಮ್ಮ ಹೆಸರು ನೆನಪಿರತ್ತೇನೋ, ಭುಜದ ರೋಗಿ?" ಎಂದ ಹಿಂದಿನ ಸೀಟಿನವನೊಬ್ಬ.

"ನಿನ್ನ ಹೆಸರು ಈಗ್ಲೇ ಮರೆತುಹೋಗಿದೆ" ಎಂದ ಎಡಾರ್ಲಿನ್. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಊರಿಗೆ ಬಂದಾಗ ಅವನ ತಾಯಿಗೂ ಅದೇ ಸುದ್ದಿ ಮುಟ್ಟಿತ್ತು. ಊರವರು ಗೌರವದಿಂದ 'ದೋನ್ಯಾ' ಎನ್ನುವ ಆ ತಾಯಿ, ದೋನ್ಯಾ ಎಫಿಖೆನಿಯಾ, ಬಾನಿ ಪಟ್ಟಣದ ಬಸ್ ನಿಲ್ದಾಣದ ಬಳಿ ಎಣ್ಣೆಯಲ್ಲಿ ಕರಿದ ಯಾನಿಕೆಕೆ ರೊಟ್ಟಿ ಮಾರುತ್ತಾರೆ. ನಾನು ಹೋದಾಗ ಪಕ್ಕದ ಮನೆಯವಳಿಗೆ ಮಗನ ಗಾಯದ ವಿಷಯವನ್ನು ಮದುವೆಯ ಸುದ್ದಿಯಂತೆ ಹೇಳುತ್ತಿದ್ದರು. "ನೋಡು ಮಗಳೇ, ಚೂರೂ ನೋವಿಲ್ಲ ಅವನಿಗೆ. ಸುಮ್ನೆ ಹಾಗಂತ ಬರ್ಕೊಂಡಿದಾರೆ. ದೊಡ್ಡವರಿಗೆ ಬೇಕಾದವನು ಅಂದ್ರೆ ಹೀಗೇ ಅಂತೆ, ಹೌದಾ?" ಎಂದು ನನ್ನನ್ನು ಕೇಳಿದರು. ನಾನು "ಇರಬಹುದು ದೋನ್ಯಾ" ಎಂದೆ.

ಅಕ್ಟೋಬರಿನಲ್ಲಿ ಇಲ್ಲಿಯ ಚಳಿಗಾಲದ ಲೀಗಿನ ತಂಡವೊಂದು ಅವನನ್ನು ಕರೆಯಿತು. ನೀವು ಅನುಮತಿ ಕೊಡಲಿಲ್ಲ. ದಣಿದ ಪಿಚರ್‌ಗಳನ್ನು ತಡೆಹಿಡಿಯುವ ನಿಯಮವನ್ನು ತೋರಿಸಿದಿರಿ. ಸ್ವಂತ ಊರಿನ ಜನ ಟಿಕೆಟು ಕೊಂಡು ನೋಡುವ ಮೈದಾನದಲ್ಲಿ ಅವನು ಗ್ಯಾಲರಿಯಲ್ಲಿ ಕೂತು ಸೋಡಾ ಕುಡಿದ. ಆಗಲೂ ಅವನಿಗೆ ಅನುಮಾನ ಬರಲಿಲ್ಲ. ನನಗೆ ಬಂತು. ಬಂದ ಅನುಮಾನವನ್ನು ನಾನು ಯಾರ ಹತ್ತಿರವೂ ಆಡಲಿಲ್ಲ.

ನವೆಂಬರಿನಲ್ಲಿ ಪಟ್ಟಿ ಹೊರಬಿತ್ತು. ಮೂವತ್ತೊಂಬತ್ತು ಹೆಸರುಗಳಿದ್ದವು. ಎಡಾರ್ಲಿನ್ ಮೂರು ಸಲ ಓದಿದ. ನಲವತ್ತನೆಯ ಜಾಗವನ್ನು ನೀವು ಖಾಲಿ ಬಿಟ್ಟಿದ್ದಿರಿ. ಯಾಕೆಂದು ಡಿಸೆಂಬರಿನಲ್ಲಿ ತಿಳಿಯಿತು: ಆ ಜಾಗಕ್ಕೆ ನೀವು ಇನ್ನೊಂದು ಕ್ಲಬ್ಬು ತನ್ನ ಪಟ್ಟಿಗೆ ಸೇರಿಸದೆ ಬಿಟ್ಟ ಪಿಚರ್‌ನನ್ನು ಎತ್ತಿಕೊಂಡಿರಿ. ಆ ಹುಡುಗನಿಗೆ ಒಳ್ಳೆಯದಾಗಲಿ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕ್ಲಬ್ಬು ಅವನನ್ನು ಬಚ್ಚಿಡಲಿಲ್ಲ, ಆದ್ದರಿಂದಲೇ ನೀವು ಅವನನ್ನು ಕಂಡಿರಿ. ಪರರ ಮಕ್ಕಳನ್ನು ಆರಿಸಿಕೊಳ್ಳಲು ನೀವು ನೆಚ್ಚಿಕೊಂಡ ಆ ಬೆಳಕನ್ನು ನಿಮ್ಮ ಹುಡುಗನ ಮೇಲೆ ಬೀಳಗೊಡದಿದ್ದದ್ದು ಯಾವ ನ್ಯಾಯ?

ಪಟ್ಟಿ ಬಂದ ಮರುದಿನ ಎಡಾರ್ಲಿನ್ ನಮ್ಮ ಮನೆಗೆ ಬಂದ. ಜಗಲಿಯಲ್ಲಿ ನಿಂತೇ ಇದ್ದ, ಕೂರಲಿಲ್ಲ.

"ಪ್ರೊಫೆ, ಬೇರೆ ಕ್ಲಬ್ಬಿನೋರ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಏನಿದೆ?"

"ಭುಜದ ಗಾಯ ಅಂತಿದೆ."

"ಅಂದ್ರೆ ಯಾರೂ ತಗೊಳ್ಳಲ್ಲ."

"ತಗೊಳ್ಳೋದು ಕಷ್ಟ."

"ನೀವೇ ಹೇಳಿದ್ರಲ್ಲ, ಒಳ್ಳೇದಕ್ಕೇ ಅಂತ." ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದ.

ಮುಂದೆ ಅವನು ಮಾಡಿದ್ದು ತಪ್ಪು. ಅದನ್ನು ಮುಚ್ಚಿಡಲು ಈ ಪತ್ರ ಬರೆಯುತ್ತಿಲ್ಲ. ಆಯ್ಕೆಗೆ ಮೂರು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ಬಾನಿಯ ಹೊರಗಿನ ಮೈದಾನದಲ್ಲಿ ತನ್ನ ಭುಜಕ್ಕೆ ಏನೂ ಆಗಿಲ್ಲವೆಂದು ತೋರಿಸಲು ಅವನೇ ಪ್ರದರ್ಶನ ಇಟ್ಟುಕೊಂಡ. ಮೂರು ಕ್ಲಬ್ಬುಗಳ ಸ್ಕೌಟ್‌ಗಳು ಬರುತ್ತೇವೆಂದಿದ್ದರು, ಬಂದವನು ಒಬ್ಬ. ನಿಮ್ಮ ಸೂಚನೆಯಂತೆ ಮೂರು ತಿಂಗಳು ಚೆಂಡನ್ನೇ ಮುಟ್ಟದ ಕೈ ಅದು. ಹದಿನೈದು ದಿನದಲ್ಲಿ ಅದನ್ನು ಎಚ್ಚರಿಸಲು ನೋಡಿದ್ದ. ಪಿಚರ್ ನಿಂತು ಎಸೆಯುವ ದಿಬ್ಬದಲ್ಲಿ ಕಾಲೂರುವ ಕಡೆ ಮಳೆನೀರು ಕೊರೆದ ಗುಂಡಿ ಇತ್ತು. ಅವನ ಸೋದರಮಾವ ಬರಿಗಾಲಲ್ಲಿ ಮಣ್ಣು ತುಳಿದು ಸಮ ಮಾಡಿದರು.

ಮೊದಲ ಹತ್ತು ಎಸೆತಗಳಲ್ಲಿ ನಾಲ್ಕು ಗಂಟೆಗೆ ತೊಂಬತ್ತಾರು ಮೈಲಿಯ ವೇಗ ಮುಟ್ಟಿದವು. ಸ್ಕೌಟ್ ಯಂತ್ರವನ್ನು ನೋಡಿದ, ಕೈಯಿಂದ ಒರೆಸಿದ, ಮತ್ತೆ ನೋಡಿದ. "ಇವನಿಗೆ ಭುಜದ ಕಾಯಿಲೆ ಅಂತ ಯಾವ ಕತ್ತೆ ಬರ್ದಿದ್ದು?" ಎಂದು ಪಕ್ಕದಲ್ಲಿದ್ದ ನನ್ನನ್ನು ಕೇಳಿದ.

ಹನ್ನೊಂದನೆಯ ಎಸೆತ ಬಲೆಯ ಮೇಲೆ ಹಾರಿಹೋಯಿತು. ಎಡಾರ್ಲಿನ್ ಕೂಗಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು, ಮಗುವನ್ನು ಎತ್ತಿಕೊಂಡವನ ಹಾಗೆ, ದಿಬ್ಬದಿಂದ ಇಳಿದು ಬಂದ.

"ಯಾಕೆ ನಿಲ್ಲಿಸಿದ? ಚೆನ್ನಾಗೇ ಹೋಗ್ತಿತ್ತಲ್ಲ" ಎಂದರು ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದ ದೋನ್ಯಾ ಎಫಿಖೆನಿಯಾ.

ಸ್ಕೌಟ್ ಯಂತ್ರವನ್ನು ಚೀಲಕ್ಕೆ ಹಾಕಿದ. ಅವರ ಮುಂದೆ ಬಂದು ಟೋಪಿ ತೆಗೆದ. "ದೇವರಿದಾನೆ ದೋನ್ಯಾ" ಎಂದ. ಅವನ ಕಾರು ಹೋದ ಮೇಲೂ ಆಕೆ ನನ್ನನ್ನೇ ನೋಡುತ್ತಿದ್ದರು. ಅಲ್ಲಿ ಯಾರೂ ಇಂಗ್ಲಿಷ್ ಆಡಿರಲಿಲ್ಲ. ಆದರೂ ನಾನು ಅರ್ಥ ಹೇಳುತ್ತೇನೆಂದು ಕಾಯುತ್ತಿದ್ದರು.

ನಿಮ್ಮ ಪತ್ರ ಜನವರಿ ಎರಡನೆಯ ವಾರದಲ್ಲಿ ಬಂತು. ಗಾಯಾಳು ಎಂದು ಘೋಷಿತನಾದ ಆಟಗಾರ ಅನುಮತಿಯಿಲ್ಲದೆ ಚೆಂಡು ಎಸೆದಿದ್ದಾನೆ, ಆದ್ದರಿಂದ ಈ ಗಾಯಕ್ಕೆ ಕ್ಲಬ್ಬು ಹೊಣೆಯಲ್ಲ, ತಿಂಗಳ ಕೊನೆಗೆ ಅವನ ಒಪ್ಪಂದವೂ ಕೊನೆ. ಅಚ್ಚುಕಟ್ಟಾದ ಇಂಗ್ಲಿಷ್. ದೋನ್ಯಾ ಎಫಿಖೆನಿಯಾ ಅವರ ಅಡುಗೆಮನೆಯಲ್ಲಿ ಅದನ್ನು ಸಾಲುಸಾಲಾಗಿ ಓದಿ ಹೇಳಿದ್ದು ನಾನೇ. ಮುಗಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದರು: "ಆಗ ಇಲ್ದೇ ಇದ್ದ ಕಾಯಿಲೆನ ಇದೆ ಅಂದ್ರು. ಈಗ ಇರೋದನ್ನ ನಮ್ದಲ್ಲ ಅಂತಾರೆ. ಇವರು ಒಂದ್ಸಲನಾದ್ರೂ ಅವನ ಕೈ ನೋಡಿದಾರಾ ಮಗಳೇ?"

ಈ ಪ್ರಶ್ನೆಯನ್ನು ನಾನು ಇಂಗ್ಲಿಷಿಗೆ ತಂದು ನಿಮ್ಮ ಕಚೇರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಆದ್ದರಿಂದಲೇ ಈ ಬಹಿರಂಗ ಪತ್ರ.

ನೀವು ಹೇಳಬಹುದು, ಎಲ್ಲ ಕ್ಲಬ್ಬುಗಳೂ ಹೀಗೇ ಮಾಡುತ್ತವೆ ಎಂದು. ಮಾಡುತ್ತಿರಬಹುದು. ಪಾಠದಲ್ಲಿ ನನ್ನ ಹುಡುಗರು ಈ ಮಾತು ಹೇಳಿದರೆ ನಾನು ಒಪ್ಪುವುದಿಲ್ಲ. ಅವನು ಸ್ವಂತ ಇಚ್ಛೆಯಿಂದ ಎಸೆದ ಎನ್ನಬಹುದು. ಹೌದು, ಎಸೆದ. ಆದರೆ ಒಬ್ಬ ಮನುಷ್ಯನನ್ನು ಕಪಾಟಿನೊಳಗೆ ಹಾಕಿ ಬೀಗ ಜಡಿದು, ಒಳಗಿನಿಂದ ಬಾಗಿಲು ಗುದ್ದಿ ಅವನ ಕೈ ಮುರಿದರೆ, ಗುದ್ದಿದ್ದು ತಪ್ಪು ಎಂದು ಬೀಗ ಹಾಕಿದವನೇ ತೀರ್ಪು ಕೊಡಬಹುದೆ? ಇಷ್ಟು ದಿನ ಬೀಗದ ಕೈಯನ್ನು ನಿಮಗೆ ಎತ್ತಿಕೊಡುತ್ತಿದ್ದ ನನಗೆ ಈ ಪ್ರಶ್ನೆ ಕೇಳುವ ಯೋಗ್ಯತೆ ಎಷ್ಟಿದೆಯೋ ಗೊತ್ತಿಲ್ಲ. ಆದರೆ ಕೇಳಲು ಬೇರೆ ಯಾರಿಗೂ ನಿಮ್ಮ ಭಾಷೆ ಬರುವುದಿಲ್ಲ.

ನನ್ನ ಬೇಡಿಕೆ ಒಂದೇ. ಆಗಸ್ಟ್ ಹದಿನಾಲ್ಕರಂದು ಎಡಾರ್ಲಿನ್ ಮೊರೊಂತನ ಭುಜಕ್ಕೆ ಏನೂ ಆಗಿರಲಿಲ್ಲ ಎಂದು ನಿಮ್ಮ ಕಚೇರಿ ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಆ ಒಂದು ವಾಕ್ಯ ನಿಂತರೆ ಹೊರಹಾಕುವ ಕಾಗದ ತಾನಾಗಿ ಬೀಳುತ್ತದೆ, ನಿಮ್ಮ ಶಸ್ತ್ರವೈದ್ಯರು ಆ ಮೊಣಕೈಯನ್ನು ಮುಟ್ಟಲು ಅಡ್ಡಿಯಿರುವುದಿಲ್ಲ. ಮೂವತ್ತೊಂದರವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀವು ಬರೆಯದಿದ್ದರೆ, ಆ ಕೋಣೆಯಲ್ಲಿ ಕೇಳಿದ್ದನ್ನೆಲ್ಲ ಪ್ರಮಾಣ ಮಾಡಿ ಆಟಗಾರರ ಸಂಘದ ಮುಂದೆ ಹೇಳುತ್ತೇನೆ, ನಾನು ಸೇರಿಸಿದ ವಾಕ್ಯವನ್ನೂ ಬಿಡದೆ. ನನ್ನ ಕೆಲಸದ ಬಗ್ಗೆ ನೀವು ತಲೆ ಕೆಡಿಸಿಕೊಳ್ಳುವುದು ಬೇಡ. ರಾಜೀನಾಮೆ ಇದರ ಜೊತೆಗೇ ಇದೆ.

ಪತ್ರವನ್ನು ಪತ್ರಿಕೆಗೆ ಕೊಡುವ ಮುಂಚೆ ಎಡಾರ್ಲಿನ್‌ಗೆ ಓದಿ ಹೇಳಿದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ. ಕೊನೆಗೆ ಹೇಳಿದ: "ಕಳಿಸಿ ಪ್ರೊಫೆ. ಬೈದಿರೋ ಕಡೆ ಒಂಚೂರು ಕಮ್ಮಿ ಮಾಡಿ. ಕೈ ಸರಿಹೋದ್ರೆ ನಾನು ಮತ್ತೆ ಅವರ ಹತ್ರಾನೇ ಆಡ್ಬೇಕಲ್ವಾ?"

ನಾನು ಕಮ್ಮಿ ಮಾಡಿಲ್ಲ. ಅವನ ಮಾತು ಕೇಳದೆ ನಾನೇ ನಿರ್ಧರಿಸಿದ್ದು ಇದು ಎರಡನೆಯ ಸಲ. ಈ ಸಲವಾದರೂ ಅವನಿಗೆ ಕೆಡುಕಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಇಂತಿ,
ಕೇಳಬೇಕಾದಾಗ ಕೇಳದೆ ಬರೀ ದಾಟಿಸಿದವಳು,
ಮಾರಿಬೆಲ್ ಕೆಸಾದಾ
ಬಾನಿ, ಡೊಮಿನಿಕನ್ ಗಣರಾಜ್ಯ